ನಾಯಿಮರಿ ಹೊರಗೆ ಅರ್ಧ ತಾಸು ಸುಮ್ನೆ ನಿಲ್ಲುತ್ತದೆ, ಒಳಗೆ ಬಂದ ಕೂಡಲೇ ಉಚ್ಚೆ. ಮಲಗಿಸುವ ಕ್ರೇಟ್ (ಸರಳಿನ ಪಂಜರ) ಒಳಗೂ ಅದೇ ಕಥೆ. ಏನು ಮಾಡಲಿ?

ಮಾಳಮಡ್ಡಿ ಮನೆ, ಧಾರವಾಡ:

ಎಲ್ಲರಿಗೂ ನಮಸ್ಕಾರ. ನಾವು ನಾಯಿ ಸಾಕುತ್ತಿರುವುದು ಇದೇ ಮೊದಲು. ಲ್ಯಾಬ್ (ಲ್ಯಾಬ್ರಡಾರ್) ಹೆಣ್ಣು ಮರಿ. ಬೆಲ್ಲದ ಬಣ್ಣ, ಹೆಸರೂ ಬೆಲ್ಲ. ಎಂಟು ವಾರ ತುಂಬಿದ ಮೇಲೆ ತಂದೆವು, ಈಗ ಹತ್ತು ವಾರ. ಮೊದಲ ಚುಚ್ಚುಮದ್ದು ಆಗಿದೆ, ಎರಡನೆಯದು ಮುಂದಿನ ವಾರ.

ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ಧಾರವಾಡದ ಮಳೆ ಗೊತ್ತಲ್ಲ, ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ. ಕೊಡೆ ಹಿಡಿದು ಅರ್ಧ ತಾಸು ನಿಂತರೂ ಅದು ಮಣ್ಣು ಮೂಸುತ್ತದೆ, ದಾಸವಾಳದ ಎಲೆ ಕಚ್ಚುತ್ತದೆ, ನನ್ನ ಮುಖ ನೋಡುತ್ತದೆ, ಬೇರೇನೂ ಮಾಡುವುದಿಲ್ಲ. ಸಾಕಾಗಿ ಒಳಗೆ ಬಂದೆವು ಅನ್ನಿ, ಹೊಸ್ತಿಲು ದಾಟಿದ್ದೇ ತಡ, ಕಾಲೊರೆಸುವ ಬಟ್ಟೆ ಮೇಲೆ ಕೂತು ಉಚ್ಚೆ ಹೊಯ್ದುಬಿಡುತ್ತದೆ. ಪಡಸಾಲೆಯಲ್ಲಿ ಹಳೇ ಶಹಾಬಾದ್ ಕಲ್ಲು, ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ.

ಕ್ರೇಟ್ ಹುಬ್ಬಳ್ಳಿಯ ಒಂದು ಗ್ರಿಲ್ ಅಂಗಡಿಯಲ್ಲಿ ಹೇಳಿ ಮಾಡಿಸಿದೆವು. ಮೂರೂವರೆ ಅಡಿ ಉದ್ದ, ದೊಡ್ಡದಾದ ಮೇಲೂ ಬರಲಿ ಅಂತ. ಒಳಗೆ ನಮ್ಮ ಅತ್ತೆ ಹೊಲಿದ ಕೌದಿ ಹಾಸಿದ್ದೇವೆ. ನಾಯಿ ತಾನು ಮಲಗುವ ಜಾಗ ಹೊಲಸು ಮಾಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಇದು ಕೌದಿ ಮೇಲೇ ಹೊಯ್ದು ಇನ್ನೊಂದು ಮೂಲೆಗೆ ಹೋಗಿ ಆರಾಮ ಮಲಗುತ್ತದೆ. ದಿನಕ್ಕೆ ಎರಡು ಸಲ ಕೌದಿ ತೊಳೆಯಬೇಕು. ನಮ್ಮ ಓಣಿಗೆ ನಳ ಬರುವುದು ಆರು ದಿನಕ್ಕೊಮ್ಮೆ. ತೊಳೆದರೂ ಈ ಮಳೆಯಲ್ಲಿ ಒಣಗುವುದಿಲ್ಲ.

ಅತ್ತೆ ಅಂತೂ "ಎಳೇ ಕೂಸನ್ನ ಜೇಲಿಗೆ ಹಾಕೀರಿ" ಅಂತ ದಿನಾ ಬೈಯುತ್ತಾರೆ. ಕ್ರೇಟ್ ತಪ್ಪಾ? ಅಥವಾ ಈ ಮರಿಗೇ ಹಟ ಜಾಸ್ತಿಯಾ? ದಯವಿಟ್ಟು ಹೇಳಿ, ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಉಣಕಲ್ ಕೆರೆ ವಾಕಿಂಗ್:

ಅಕ್ಕಾ, ಕ್ರೇಟ್ ತಪ್ಪಲ್ಲ, ಅಳತೆ ತಪ್ಪು. ಹತ್ತು ವಾರದ ಮರಿಗೆ ಮೂರೂವರೆ ಅಡಿ ಅಂದರೆ ಎರಡು ರೂಮಿನ ಮನೆ. ಒಂದು ರೂಮು ಮಲಗಲು, ಇನ್ನೊಂದು ಬಚ್ಚಲು. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬಂದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಹೊಸ ಕ್ರೇಟ್ ತರಬೇಡಿ. ಮಧ್ಯೆ ಒಂದು ಹಲಗೆ ಅಥವಾ ಜಾಳಿ ನಿಲ್ಲಿಸಿ ಗಟ್ಟಿಯಾಗಿ ಕಟ್ಟಿ. ಮರಿ ಬೆಳೆದ ಹಾಗೆ ಹಿಂದೆ ಸರಿಸುತ್ತಾ ಹೋಗಿ.

ಇನ್ನೊಂದು, ಗ್ರಿಲ್ ಅಂಗಡಿಯಲ್ಲಿ ಮಾಡಿಸಿದ್ದು ಅಂದಿರಲ್ಲ, ಸರಳುಗಳ ನಡುವಿನ ಸಂದಿ ನೋಡಿಕೊಳ್ಳಿ. ತಲೆ ಅಥವಾ ದವಡೆ ಸಿಕ್ಕಿಹಾಕಿಕೊಳ್ಳುವಷ್ಟು ಇರಬಾರದು. ವೆಲ್ಡಿಂಗ್ ಮಾಡಿದ ಕಡೆ ಚೂಪು ಉಳಿದಿದ್ದರೆ ಉಜ್ಜಿಸಿ. ಒಳಗೆ ಬಿಡುವಾಗ ಕೊರಳಪಟ್ಟಿ ತೆಗೆಯಿರಿ, ಸರಳಿಗೆ ಸಿಕ್ಕಿದರೆ ಉಸಿರು ಕಟ್ಟುತ್ತದೆ.

ಹಳೇ ಹುಬ್ಬಳ್ಳಿಯವ:

ಪಂಜರ ಇರುವುದು ಗಿಳಿಗೆ ಅಕ್ಕಾರ. ನಾಯಿಗೆ ಅಂಗಳ ಬೇಕು. ಹೊರಗೆ ಬಿಡಿ, ತಾನೇ ಕಲಿಯುತ್ತದೆ.

ಬೆಟಗೇರಿ ಹುಡುಗಿ, ಗದಗ:

ಹೊರಗೆ ಬಿಡಿ ಅನ್ನುವವರು ಮೊದಲು ಚುಚ್ಚುಮದ್ದಿನ ಕಾರ್ಡ್ ನೋಡಲಿ. ನಾನು ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ಮಳೆಗಾಲದಲ್ಲಿ ಪಾರ್ವೋ ಬಂದ ಮರಿಗಳನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬರುತ್ತಾರೆ. ರಕ್ತ ಬೆರೆತ ಭೇದಿ, ವಾಂತಿ, ಎರಡು ದಿನದಲ್ಲಿ ಮರಿ ಬತ್ತಿಹೋಗಿರುತ್ತದೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮೊದಲ ಡೋಸ್ ಆರರಿಂದ ಎಂಟು ವಾರದಲ್ಲಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿಯ ಮಣ್ಣಿಗೆ ಇಳಿಸಬೇಡಿ. ಬೇರೆ ನಾಯಿ ಬಾರದ ಸ್ವಂತ ಹಿತ್ತಲು ಇದ್ದರೆ ಅದೇ ಸಾಕು. ಮಾಳಿಗೆ ಆದರೂ ಆದೀತು.

ಆದರೆ ಅಕ್ಕಾ, ಮನೆಯೊಳಗೇ ಮುಚ್ಚಿಯೂ ಇಡಬೇಡಿ. ಮೂರರಿಂದ ಸುಮಾರು ಹದಿನಾಲ್ಕು ವಾರದ ತನಕ ಮರಿ ಏನೇನು ನೋಡುತ್ತದೋ, ಕೇಳುತ್ತದೋ, ಅದಕ್ಕೆ ಮುಂದೆ ಹೆದರುವುದು ಕಡಿಮೆ. ಎತ್ತಿಕೊಂಡೇ ಬೀದಿ ತೋರಿಸಿ. ರಿಕ್ಷಾ, ತರಕಾರಿ ಗಾಡಿ, ಶಾಲೆ ಮಕ್ಕಳು, ಎಲ್ಲಾ.

ಉಚ್ಚೆಯ ಲೆಕ್ಕ ಹೀಗೆ. ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಅಷ್ಟು ತಾಸು ತಡೆಯಬಹುದು ಅಂತ ಹೇಳುತ್ತಾರೆ. ಅದು ಹೆಚ್ಚೆಂದರೆ, ಅದೂ ಮಲಗಿದ್ದಾಗ. ಎಚ್ಚರ ಇದ್ದು ಆಡುತ್ತಿರುವ ಹತ್ತು ವಾರದ ಮರಿಗೆ ಅರ್ಧ ಮುಕ್ಕಾಲು ತಾಸಿಗೊಮ್ಮೆ ಬೇಕೇ ಬೇಕು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಮಲಗುವ ಮೊದಲು, ಈ ನಾಲ್ಕು ತಪ್ಪಿಸಬೇಡಿ.

ಒಂದು ಪ್ರಶ್ನೆ: ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಹೊಯ್ಯುತ್ತದೆಯೇ? ಹೊಯ್ಯಲು ತಿಣುಕುತ್ತದೆಯೇ? ಹಾಗಿದ್ದರೆ ಇದು ತರಬೇತಿಯ ಮಾತಲ್ಲ, ಉಚ್ಚೆ ಪರೀಕ್ಷೆ ಮಾಡಿಸಬೇಕು.

ಮಾಳಮಡ್ಡಿ ಮನೆ:

ಇಲ್ಲ ತಂಗಿ, ಒಂದೇ ಸಲ ಹೊಯ್ಯುತ್ತದೆ, ತಿಣುಕುವುದಿಲ್ಲ. ಕಕ್ಕ ಮಾತ್ರ ನೀರಾಗಿರುತ್ತದೆ. ದಿನಕ್ಕೆ ಆರೇಳು ಸಲ.

ಬೆಟಗೇರಿ ಹುಡುಗಿ:

ಏನು ತಿನ್ನಿಸುತ್ತಿದ್ದೀರಿ?

ಮಾಳಮಡ್ಡಿ ಮನೆ:

ರೊಟ್ಟಿ ಚೂರು ಮಾಡಿ ಹಾಲಲ್ಲಿ ನೆನೆಸಿ ಅತ್ತೆ ಕೊಡುತ್ತಾರೆ. ಮಧ್ಯಾಹ್ನ ಮರಿಗಳ ಪೆಲೆಟ್.

ಬೆಟಗೇರಿ ಹುಡುಗಿ:

ಹಾಲು ಇವತ್ತೇ ನಿಲ್ಲಿಸಿ ಅಕ್ಕಾ. ತಾಯಿ ಹಾಲು ಬಿಟ್ಟ ಮೇಲೆ ಬಹಳ ಮರಿಗಳಿಗೆ ಆಕಳ ಹಾಲು, ಎಮ್ಮೆ ಹಾಲು ಕರಗುವುದಿಲ್ಲ, ಭೇದಿ ಆಗುತ್ತದೆ. ಭೇದಿ ಇರುವ ಮರಿಗೆ ಯಾವ ಕ್ರೇಟ್ ಏನು ಮಾಡೀತು? ಅದು ತಡೆಯಬೇಕು ಅಂದರೂ ತಡೆಯಲಾರದು. ದಿನಕ್ಕೆ ಮೂರ್ನಾಲ್ಕು ಸಲ, ಹೊತ್ತಿಗೆ ಸರಿಯಾಗಿ ಊಟ. ತಟ್ಟೆ ಇಪ್ಪತ್ತು ನಿಮಿಷಕ್ಕೆ ಎತ್ತಿಬಿಡಿ. ಒಳಗೆ ಹೋಗುವುದು ಹೊತ್ತಿಗೆ ಸರಿಯಾಗಿದ್ದರೆ ಹೊರಗೆ ಬರುವುದೂ ಹೊತ್ತಿಗೆ ಸರಿಯಾಗುತ್ತದೆ. ನೀರು ಮಾತ್ರ ಹಗಲೆಲ್ಲಾ ಇರಲಿ. ಜಂತಿನ ಔಷಧಿ ಯಾವಾಗ ಕೊಟ್ಟಿರಿ ನೋಡಿ, ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಎರಡು ದಿನದಲ್ಲಿ ಗಟ್ಟಿಯಾಗದಿದ್ದರೆ, ಅಥವಾ ಮರಿ ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ.

ಹಳೇ ಹುಬ್ಬಳ್ಳಿಯವ:

ರೊಟ್ಟಿ ಹಾಲು ತಿಂದೇ ನಮ್ಮ ನಾಯಿಗಳು ಹದಿನಾಲ್ಕು ವರ್ಷ ಬದುಕಿದವು ತಂಗಿ.

ಬೆಟಗೇರಿ ಹುಡುಗಿ:

ಬದುಕಿದ್ದು ಸಂತೋಷ ಸರ್. ಅವು ಹಿತ್ತಲಲ್ಲಿ ಇದ್ದವು, ಭೇದಿ ಆದರೂ ಯಾರೂ ನೋಡುತ್ತಿರಲಿಲ್ಲ. ಎಲ್ಲಾ ಮರಿಗೂ ಹಾಗೆ ಆಗುತ್ತದೆ ಅಂತ ನಾನು ಹೇಳಲಿಲ್ಲ. ಬೆಲ್ಲನಿಗೆ ಆಗುತ್ತಿದೆ, ಅಷ್ಟೇ.

ರಾಣೆಬೆನ್ನೂರು ಮೊಮ್ಮಗ:

ಪಂಜರ ಪರದೇಶದ ಪದ್ಧತಿ ಅನ್ನುವ ಹಾಗೆ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಮ್ಮನ ತವರಿನಲ್ಲಿ ಕುನ್ನಿ ತಂದ ಮೊದಲ ವಾರ ರಾತ್ರಿ ಅದರ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಬೋರಲು ಹಾಕುತ್ತಿದ್ದರು. ಮೇಲೆ ಒಂದು ಕಲ್ಲು. ಕೆಳಗೆ ಹಳೇ ಧೋತರ. ಅಜ್ಜಿ ಬುಟ್ಟಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು, ಬಿದಿರಿನ ಸಂದಿಯೊಳಗೆ ಎರಡು ಬೆರಳು ಹಾಕಿ ಮಲಗುತ್ತಿದ್ದಳು. ಕುನ್ನಿ ಆ ಬೆರಳು ಚೀಪುತ್ತಾ ನಿದ್ದೆ ಹೋಗುತ್ತಿತ್ತು. ಕುಂಯ್ ಅಂದರೆ ಎತ್ತಿ ಹೊರಗೆ ಒಯ್ಯುತ್ತಿದ್ದಳು, ಹೊಯ್ಸಿಕೊಂಡು ಬಂದು ಮತ್ತೆ ಬುಟ್ಟಿ. ಲೈಟ್ ಹಚ್ಚುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಆಡಿಸುತ್ತಿರಲಿಲ್ಲ. ಇವತ್ತು ಎಲ್ಲರೂ ಕ್ರೇಟ್ ತರಬೇತಿ ಅಂತ ಹೇಳುವುದೂ ಇದನ್ನೇ ಅಲ್ವಾ?

ಬೆಲ್ಲನ ಅಜ್ಜಿಗೆ ಇದನ್ನು ಓದಿ ಹೇಳಿ ಅಕ್ಕಾ.

ಹಳೇ ಹುಬ್ಬಳ್ಳಿಯವ:

ಬುಟ್ಟಿ ರಾತ್ರಿಗೆ ಮಾತ್ರ ಇತ್ತು, ಅದೂ ಒಂದು ವಾರ. ಈಗಿನವರು ಬೆಳಿಗ್ಗೆ ಒಂಬತ್ತಕ್ಕೆ ಹಾಕಿ ಸಂಜೆ ಆರಕ್ಕೆ ತೆಗೆಯುತ್ತಾರೆ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಂದು ಮರಿ ಹಗಲೆಲ್ಲಾ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತ್ತು. ನಾಲ್ಕು ಸಲ ಹೋಗಿ ಬಾಗಿಲು ತಟ್ಟಿದ್ದೇನೆ. ನನಗೆ ಸಿಟ್ಟು ಬರುವುದು ಅದಕ್ಕೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ಓಡಾಡಲು ಸಾಲದಷ್ಟು ಸಣ್ಣ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ.

ರಾಣೆಬೆನ್ನೂರು ಮೊಮ್ಮಗ:

ಒಂಬತ್ತರಿಂದ ಆರರ ತನಕ ತಪ್ಪು ಅನ್ನುವುದಾದರೆ ನಾನೂ ನಿಮ್ಮ ಪಕ್ಷ. ಆದರೆ ಅದು ಕ್ರೇಟಿನ ತಪ್ಪಲ್ಲ, ಬೀಗ ಹಾಕಿ ಹೋದವರ ತಪ್ಪು.

ಚಿಗರಿ ಪ್ರಯಾಣಿಕ:

ಬೀಗ ಹಾಕಿ ಹೋಗುವವರಲ್ಲಿ ನಾನೂ ಒಬ್ಬ, ಹಾಗಾಗಿ ಮುಚ್ಚಿಡದೆ ಕೇಳುತ್ತೇನೆ. ಮನೆ ಧಾರವಾಡ, ಆಫೀಸು ಹುಬ್ಬಳ್ಳಿ. ದಿನಾ ಚಿಗರಿ ಬಸ್ಸು. ಹೆಂಡತಿಗೂ ಕೆಲಸ. ನಾಲ್ಕು ತಿಂಗಳ ಬೀದಿ ಮರಿ ಎತ್ತಿಕೊಂಡು ಬಂದು ಸಾಕಿದ್ದೇವೆ, ಅದನ್ನು ಮತ್ತೆ ಬೀದಿಗೆ ಬಿಡಲೇ? ಎಂಟು ತಾಸು ಕ್ರೇಟ್‌ನಲ್ಲಿ ಇಡುವುದು ಸರಿಯಲ್ಲ ಅಂತ ನನಗೂ ಗೊತ್ತು. ಬೇರೆ ದಾರಿ ಏನು?

ಉಣಕಲ್ ಕೆರೆ ವಾಕಿಂಗ್:

ಬೀದಿ ಮರಿ ತಂದು ಸಾಕಿದ್ದಕ್ಕೆ ಮೊದಲು ಕೈ ಮುಗಿಯುತ್ತೇನೆ ಅಣ್ಣಾ. ಕ್ರೇಟ್ ಬಾಗಿಲು ತೆರೆದಿಡಿ. ವರಾಂಡ ಅಥವಾ ಅಡುಗೆಮನೆಯ ಹಿಂದಿನ ಜಾಗಕ್ಕೆ ಅಡ್ಡ ಹಲಗೆ ಹಾಕಿ. ಒಂದು ಮೂಲೆಯಲ್ಲಿ ಕ್ರೇಟ್, ಅದರಿಂದ ದೂರದ ಮೂಲೆಯಲ್ಲಿ ಉಚ್ಚೆಗೆ ಒಂದು ಟ್ರೇ ಮಣ್ಣು. ನೀರು ಉರುಳದ ಹಾಗೆ ಭಾರದ ಬಟ್ಟಲಲ್ಲಿ. ಮಧ್ಯಾಹ್ನ ಒಂದು ಸಲ ಹೊರಗೆ ಬಿಡಲು ಓಣಿಯ ಯಾರನ್ನಾದರೂ ಕೇಳಿ. ನಮ್ಮ ಎದುರು ಮನೆಯ ನಿವೃತ್ತ ಮೇಷ್ಟ್ರು ಎರಡು ತಿಂಗಳು ನಮ್ಮ ಮರಿಗೆ ಹೀಗೆ ನೋಡಿಕೊಂಡರು. ಈಗಲೂ ನಮ್ಮ ನಾಯಿ ನಮಗಿಂತ ಮೊದಲು ಅವರ ಗೇಟಿಗೆ ಓಡುತ್ತದೆ.

ಸವಣೂರು ಕಾಕಾ:

ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಹೊಯ್ದ ಕಡೆ ಮೂಗು ತಿಕ್ಕಬೇಕು, ಪೇಪರ್ ಸುರುಳಿ ಮಾಡಿ ಎರಡು ಕೊಡಬೇಕು. ನಮ್ಮ ನಾಯಿ ನಾಲ್ಕೇ ದಿನದಲ್ಲಿ ಕಲಿತಿತ್ತು.

ಬೆಟಗೇರಿ ಹುಡುಗಿ:

ಕಾಕಾ, ದಯವಿಟ್ಟು ಬೇಡ. ಹೊಯ್ದು ಹತ್ತು ನಿಮಿಷ ಆದ ಮೇಲೆ ಹೊಡೆದರೆ ಅದಕ್ಕೆ ಯಾಕೆ ಅಂತ ತಿಳಿಯುವುದಿಲ್ಲ. ಅದು ಕಲಿಯುವುದು ಒಂದೇ, ಈ ಮನುಷ್ಯನ ಎದುರಿಗೆ ಹೊಯ್ಯಬಾರದು ಅಂತ. ಆಮೇಲೆ ಹಿತ್ತಲಲ್ಲಿ ನೀವು ಪಕ್ಕದಲ್ಲಿ ನಿಂತರೂ ಹೊಯ್ಯುವುದಿಲ್ಲ, ಒಳಗೆ ಬಂದು ಮರೆಯಲ್ಲಿ ಹೊಯ್ಯುತ್ತದೆ.

ಸವಣೂರು ಕಾಕಾ:

ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ತಂಗಿ. ನಮ್ಮ ನಾಯಿ ನಾಲ್ಕು ದಿನದಲ್ಲಿ ಕಲಿಯಿತು ಅಂದುಕೊಂಡಿದ್ದೆವು. ದೀಪಾವಳಿಗೆ ಸುಣ್ಣ ಹಚ್ಚಲು ಒಳಕೋಣೆಯ ಟ್ರಂಕ್ ಸರಿಸಿದಾಗ ಹಿಂದಿನ ಗೋಡೆ ಮೊಣಕಾಲು ಮಟ್ಟದ ತನಕ ಹಳದಿ ಆಗಿತ್ತು, ಟ್ರಂಕಿನ ತಳ ತುಕ್ಕು ಹಿಡಿದಿತ್ತು. ಇಲಿ ಅಂದುಕೊಂಡೆವು. ಈಗ ತಿಳಿಯಿತು. ಪಾಪದ್ದು, ಆರು ತಿಂಗಳು ನನಗೆ ಹೆದರಿ ಅಲ್ಲಿ ಹೋಗಿ ಹೊಯ್ಯುತ್ತಿತ್ತು. ಆ ನಾಯಿ ಹೋಗಿ ಬಹಳ ವರ್ಷ ಆಯಿತು.

ರಾಣೆಬೆನ್ನೂರು ಮೊಮ್ಮಗ:

ಕಾಕಾ, ಆಗ ಯಾರಿಗೂ ಗೊತ್ತಿರಲಿಲ್ಲ ಬಿಡಿ.

ಕೇಶ್ವಾಪುರದಿಂದ:

ವಾಸನೆಗೆ ನಾನು ಹೇಳುತ್ತೇನೆ. ಫಿನಾಯಿಲ್ ಹಾಕಿ ತೊಳೆದರೆ ನಮ್ಮ ಮೂಗಿಗೆ ಹೋಯಿತು ಅನಿಸುತ್ತದೆ, ನಾಯಿ ಮೂಗಿಗೆ ಹಾಗೇ ಇರುತ್ತದೆ. ವಾಸನೆ ಉಳಿದ ಕಡೆಯೇ ಮತ್ತೆ ಹೊಯ್ಯುತ್ತದೆ. ಬಿಳೀ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಸುರಿಯಿರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ನಿಂಬೆರಸವೂ ಆಗುತ್ತದೆ.

ಫರಸಿ ಕೆಲಸದವ, ಹಾವೇರಿ:

ನಿಲ್ಲಿ ನಿಲ್ಲಿ! ಶಹಾಬಾದ್ ಕಲ್ಲಿಗೆ ವಿನೆಗರ್, ನಿಂಬೆಹಣ್ಣು ಹಾಕಲೇಬೇಡಿ. ಅದು ಸುಣ್ಣದ ಜಾತಿ ಕಲ್ಲು, ಹುಳಿ ತಾಗಿದರೆ ಮೇಲ್ಪದರ ತಿಂದುಹೋಗುತ್ತದೆ. ಹೊಳಪು ಹೋಗಿ ಬಿಳೀ ಕಲೆ ಬೀಳುತ್ತದೆ, ಮತ್ತೆ ಪಾಲಿಶ್ ಹೊಡೆಸಿದರೇ ಹೋಗುವುದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅಂತೂ ಹತ್ತಿರ ಒಯ್ಯಬೇಡಿ. ಟೈಲ್ಸ್ ಇದ್ದವರು ವಿನೆಗರ್ ಹಾಕಿಕೊಳ್ಳಲಿ.

ಅಕ್ಕಾರ, ನಿಮ್ಮ ವಾಸನೆ ಕಲ್ಲಿನಲ್ಲಿ ಅಷ್ಟಾಗಿ ಇರುವುದಿಲ್ಲ, ಸಂದಿನಲ್ಲಿ ಇರುತ್ತದೆ. ಹಳೇ ಮನೆಗಳಲ್ಲಿ ಕಲ್ಲಿನ ನಡುವಿನ ಸಿಮೆಂಟ್ ಉದುರಿ ಸಂದು ಬಿಟ್ಟಿರುತ್ತದೆ, ಉಚ್ಚೆ ಅದರೊಳಗೆ ಇಳಿದು ಕೆಳಗಿನ ಮಣ್ಣು ಕುಡಿಯುತ್ತದೆ. ಮಳೆಗಾಲದ ಥಂಡಿಗೆ ಅದೇ ವಾಸನೆ ಮೇಲೇಳುತ್ತದೆ. ಒಂದು ಮೊಳೆ ತೆಗೆದುಕೊಂಡು ಸಂದು ಕೆರೆದು ನೋಡಿ, ಪುಡಿ ಪುಡಿ ಬಂದರೆ ಮಳೆ ನಿಂತ ಮೇಲೆ ಸಂದು ತುಂಬಿಸಿ. ಮೇಸ್ತ್ರಿಗೆ ಅರ್ಧ ದಿನದ ಕೆಲಸ.

ಬೆಟಗೇರಿ ಹುಡುಗಿ:

ಅಣ್ಣ ಹೇಳಿದ್ದು ಬಹಳ ಉಪಯೋಗ ಆಯಿತು, ನನಗೂ ಕಲ್ಲಿನ ಈ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಎಂಜೈಮ್ ಇರುವ ಕ್ಲೀನರ್ ತನ್ನಿ ಅಕ್ಕಾ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ಒಣ ಬಟ್ಟೆಯಿಂದ ಉಚ್ಚೆ ಹೀರಿಸಿ ತೆಗೆಯಿರಿ, ಆಮೇಲೆ ಅದನ್ನು ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಹಾಕಿದ ಕೂಡಲೇ ಒರೆಸಿದರೆ ಏನೂ ಪ್ರಯೋಜನ ಇಲ್ಲ. ಬಕೆಟ್‌ಗಟ್ಟಲೆ ನೀರೂ ಬೇಡ, ಆರು ದಿನಕ್ಕೊಮ್ಮೆ ನಳ ಬರುವ ಮನೆಗೆ ಇದೇ ಅನುಕೂಲ. ಬ್ಲೀಚಿಂಗ್ ನೀರನ್ನು ಹಸಿ ಉಚ್ಚೆ ಮೇಲೆ ಸುರಿಯಬೇಡಿ, ಆ್ಯಸಿಡ್ ಜೊತೆ ಅಂತೂ ಸೇರಿಸಲೇಬೇಡಿ, ಕೆಟ್ಟ ಗಾಳಿ ಏಳುತ್ತದೆ.

ಮುಧೋಳ ಸಾಕಿದವ, ಲಕ್ಷ್ಮೇಶ್ವರ:

ಎಲ್ಲರೂ ಲ್ಯಾಬ್ ಲೆಕ್ಕದಲ್ಲಿ ಹೇಳುತ್ತಿದ್ದೀರಿ. ನನ್ನಲ್ಲಿ ಎರಡು ಮುಧೋಳ ಇವೆ. ಅದರ ಮೈಯಲ್ಲಿ ಕೊಬ್ಬು ಇಲ್ಲ, ಚರ್ಮ ತೆಳು, ಎಲುಬು ಮೇಲೇ ಇರುತ್ತದೆ. ಕ್ರೇಟ್ ತಳ ಬರೀ ತಗಡಾದರೆ ಮೊಣಕೈಗೆ ಹುಣ್ಣಾಗುತ್ತದೆ. ಕೆಳಗೆ ದಪ್ಪ ಹಾಸಿಗೆ ಬೇಕೇ ಬೇಕು. ಮತ್ತೆ ಇದು ಮೊಲ ಅಟ್ಟುವ ಜಾತಿ, ಬೆಳಿಗ್ಗೆ ಹೊಲದಲ್ಲಿ ಒಂದು ಸುತ್ತು ಓಡಿಸಿದರೆ ಆಮೇಲೆ ಕ್ರೇಟ್‌ನಲ್ಲಿ ತಾನಾಗೇ ಹೋಗಿ ಮಲಗುತ್ತದೆ. ಓಡಿಸದೆ ಹಾಕಿದರೆ ಸರಳು ಕಡಿಯುತ್ತದೆ.

ಕೇಶ್ವಾಪುರದಿಂದ:

ಅಣ್ಣಾ, ಮುಧೋಳ ಅಪಾರ್ಟ್‌ಮೆಂಟಿನಲ್ಲಿ ಸಾಕಬಹುದಾ? ಅಂಚೆ ಚೀಟಿಯಲ್ಲಿ ಬಂದಿದ್ದು ಇದೇ ನಾಯಿ ಅಲ್ವಾ?

ಮುಧೋಳ ಸಾಕಿದವ, ಲಕ್ಷ್ಮೇಶ್ವರ:

ಹೌದು, 2005ರಲ್ಲಿ ನಾಲ್ಕು ದೇಶಿ ತಳಿಗಳ ಅಂಚೆ ಚೀಟಿ ಬಂತು. ಹಿಮಾಲಯದ ಕುರಿ ಕಾಯುವ ನಾಯಿ, ರಾಂಪುರ, ರಾಜಪಾಳಯಂ, ಜೊತೆಗೆ ನಮ್ಮ ಮುಧೋಳ. ಅಪಾರ್ಟ್‌ಮೆಂಟಿನಲ್ಲಿ ಸಾಕಬಾರದು ಅಂತ ಹೇಳುವುದಿಲ್ಲ, ಆದರೆ ದಿನಾ ಓಡಿಸಲು ಬೇಲಿ ಇರುವ ಜಾಗ ನಿಮಗಿದೆಯೇ? ಉಣಕಲ್ ಕೆರೆ ದಂಡೆ ಮೇಲೆ ಹಗ್ಗ ಹಿಡಿದು ನಡೆಸಿದರೆ ಸಾಲುವುದಿಲ್ಲ. ಹಗ್ಗ ಬಿಟ್ಟರೆ ನಿಮ್ಮ ಕೈಗೆ ಸಿಗುವುದಿಲ್ಲ. ಚೆನ್ನಾಗಿ ಯೋಚನೆ ಮಾಡಿ.

ಚಿಗರಿ ಪ್ರಯಾಣಿಕ:

ವಿಷಯ ಎಲ್ಲೋ ಹೋಯಿತು. ಬೆಲ್ಲನ ಕಥೆ ಏನಾಯಿತು ಅಕ್ಕಾ?

ಮಾಳಮಡ್ಡಿ ಮನೆ:

ನಾಲ್ಕು ದಿನ ಆಯಿತು. ಹಾಲು ನಿಲ್ಲಿಸಿದೆವು, ಕಕ್ಕ ಗಟ್ಟಿಯಾಗಿದೆ, ದಿನಕ್ಕೆ ಮೂರೇ ಸಲ. ಹಲಗೆ ಹಾಕಿ ಕ್ರೇಟ್ ಚಿಕ್ಕದು ಮಾಡಿದೆವು. ಬುಟ್ಟಿಯ ಕಥೆ ಅತ್ತೆಗೆ ಓದಿ ಹೇಳಿದೆ. "ನಮ್ಮಲ್ಲೂ ಹಾಗೇ ಮಾಡುತ್ತಿದ್ದರು" ಅಂದರು. ಅವತ್ತಿನಿಂದ ಜೇಲು ಅನ್ನುವುದು ನಿಂತಿದೆ.

ಆದರೆ ಕೌದಿ ಮೇಲೆ ಹೊಯ್ಯುವುದು ನಿಂತಿಲ್ಲ. ಈಗ ಜಾಗ ಚಿಕ್ಕದು, ಒದ್ದೆಯಲ್ಲೇ ಮಲಗುತ್ತದೆ. ಅದನ್ನು ನೋಡಿ ನನಗೆ ಅಳು ಬರುತ್ತದೆ. ಹಿತ್ತಲಲ್ಲಿ ಇವತ್ತಿಗೂ ಒಂದು ಹನಿ ಇಲ್ಲ.

ಹೊಲದ ಮನೆ, ನವಲಗುಂದ:

ಇಷ್ಟು ದಿನ ಓದುತ್ತಿದ್ದೆ, ಇವತ್ತು ಬರೆಯುತ್ತೇನೆ. ಅಕ್ಕಾ, ಒಂದು ಮಾತು ಹೇಳಿ. ಈ ಮರಿ ನಿಮ್ಮ ಮನೆಗೆ ಬರುವ ಮೊದಲು ಎಲ್ಲಿತ್ತು? ಮಣ್ಣಿನ ಮೇಲೆಯೋ, ಗಚ್ಚಿನ ಮೇಲೆಯೋ, ಏನು ಹಾಸಿದ್ದರು?

ಮಾಳಮಡ್ಡಿ ಮನೆ:

ಪರಿಚಯದವರ ತೋಟದ ಮನೆಯಲ್ಲಿ. ಶೆಡ್ಡಿನ ಗಚ್ಚು ನೆಲ. ಥಂಡಿ ಆಗಬಾರದು ಅಂತ ತುಂಬಾ ಗೋಣಿತಟ್ಟು ಹಾಸಿದ್ದರು, ಮೇಲೆ ಹಳೇ ಸೀರೆ. ಏಳು ಮರಿ ಅದರ ಮೇಲೇ ಇದ್ದವು. ಹೊರಗೆ ಬಿಟ್ಟಿರಲಿಲ್ಲ.

ಹೊಲದ ಮನೆ, ನವಲಗುಂದ:

ಅಷ್ಟೇ ಅಕ್ಕಾ. ನಿಮ್ಮ ಮರಿ ಹಟಮಾರಿ ಅಲ್ಲ, ಕಲಿತದ್ದನ್ನೇ ಚಾಚೂ ತಪ್ಪದೆ ಮಾಡುತ್ತಿದೆ.

ಮರಿ ಕಣ್ಣು ಬಿಟ್ಟು ನಡೆಯಲು ಶುರು ಮಾಡಿದಾಗಿನಿಂದ ಎಂಟು ಒಂಬತ್ತು ವಾರದೊಳಗೆ ಕಾಲಿನ ಕೆಳಗೆ ಏನಿರುತ್ತದೋ, ಅದೇ ಉಚ್ಚೆ ಜಾಗ ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ. ನಮ್ಮ ಹೊಲದಲ್ಲಿ ಹುಟ್ಟಿದ ಮರಿ ಸಿಮೆಂಟ್ ಮೇಲೆ ಬಿಟ್ಟರೆ ಮಣ್ಣು ಹುಡುಕುತ್ತದೆ. ನಿಮ್ಮದಕ್ಕೆ ಮಣ್ಣು ಅಂದರೆ ಆಡುವ ಜಾಗ, ಬಟ್ಟೆ ಅಂದರೆ ಬಚ್ಚಲು. ನೀವೇ ಬರೆದಿದ್ದೀರಿ ನೋಡಿ, ಒಳಗೆ ಬಂದು ಎಲ್ಲಿ ಹೊಯ್ದಿತು? ಕಾಲೊರೆಸುವ ಬಟ್ಟೆ ಮೇಲೆ. ಕ್ರೇಟಿನಲ್ಲಿ ಎಲ್ಲಿ? ಕೌದಿ ಮೇಲೆ. ಬರೀ ಕಲ್ಲಿನ ಮೇಲೆ ಒಮ್ಮೆಯಾದರೂ ಹೊಯ್ದಿದೆಯೇ?

ಕ್ರೇಟಿನ ಕೌದಿ ತೆಗೆಯಿರಿ. ನೆಲದ ಮೇಲಿನ ಬಟ್ಟೆ, ಚಾಪೆ, ಜಮಖಾನ ಎಲ್ಲಾ ಎತ್ತಿಡಿ. ಕ್ರೇಟಿಗೆ ಬರೀ ರಬ್ಬರ್ ಮ್ಯಾಟ್ ಹಾಕಿ. ಲ್ಯಾಬ್‌ಗೆ ಮೈ ತುಂಬಾ ಕೂದಲು ಇರುತ್ತದೆ, ಕೆಲವು ದಿನ ನಡೆಯುತ್ತದೆ. ಥಂಡಿಗೆ ಕ್ರೇಟಿನ ಹೊರಗಿನಿಂದ ಮೂರು ಕಡೆ ಮುಚ್ಚಿ. ಆಮೇಲೆ ಒಂದು ತಟ್ಟು ತೆಗೆದುಕೊಂಡು, ಅದರ ಉಚ್ಚೆ ಸ್ವಲ್ಪ ಒರೆಸಿ, ಹಿತ್ತಲಲ್ಲಿ ಮಳೆ ಬೀಳದ ಕಡೆ ಹಾಸಿ. ಹಗ್ಗ ಹಾಕಿ ನೇರ ಅಲ್ಲಿಗೇ ಕರೆದುಕೊಂಡು ಹೋಗಿ. ಐದು ನಿಮಿಷ ನೋಡಿ, ಆಗದಿದ್ದರೆ ಒಳಗೆ ತಂದು ಕ್ರೇಟ್‌ಗೆ, ಹತ್ತು ನಿಮಿಷಕ್ಕೆ ಮತ್ತೆ ಅಲ್ಲಿಗೇ. ಮಧ್ಯೆ ಪಡಸಾಲೆಯಲ್ಲಿ ಬಿಡಬೇಡಿ. ಹೊಯ್ದರೆ ಅಲ್ಲೇ, ಆಗಲೇ ಒಂದು ಚೂರು ತಿನ್ನಲು ಕೊಡಿ, ಒಳಗೆ ಬಂದ ಮೇಲಲ್ಲ. ಆಮೇಲೆ ಒಂದಿಷ್ಟು ಆಡಿಸಿ, ಹೊಯ್ದ ಕೂಡಲೇ ಒಳಗೆ ಎಳೆದುಕೊಂಡು ಬಂದರೆ ಅದು ಮುಂದಿನ ಸಲ ತಡ ಮಾಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಟ್ಟು ಕತ್ತರಿಸಿ ಸಣ್ಣದು ಮಾಡುತ್ತಾ ಹೋಗಿ.

ಬೆಟಗೇರಿ ಹುಡುಗಿ:

ಅಯ್ಯೋ, ನಾನು ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು. ಊಟ ಕೇಳಿದೆ, ಉಚ್ಚೆ ಕೇಳಿದೆ, ನೆಲ ಕೇಳಲಿಲ್ಲ. ಧನ್ಯವಾದ ಸರ್.

ಹಳೇ ಹುಬ್ಬಳ್ಳಿಯವ:

ತಟ್ಟಿನ ಉಪಾಯ ಚೆನ್ನಾಗಿದೆ. ಪಂಜರದ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ, ಆದರೆ ಈ ಮನೆಯವರು ಮರಿಯನ್ನು ಕಾಳಜಿಯಿಂದ ನೋಡುತ್ತಿದ್ದಾರೆ, ಅದು ಕಾಣುತ್ತದೆ. ಬಾಗಿಲು ಹಗಲು ತೆರೆದೇ ಇರಲಿ. ಬೈದು ಒಳಗೆ ಅಟ್ಟಬೇಡಿ.

ಉಣಕಲ್ ಕೆರೆ ವಾಕಿಂಗ್:

ಇದಕ್ಕೆ ನನ್ನ ಒಪ್ಪಿಗೆ ಇದೆ ಸರ್. ಊಟದ ತಟ್ಟೆ ಕ್ರೇಟ್ ಒಳಗೇ ಇಡಿ ಅಕ್ಕಾ. ಮೊದಲು ಬಾಗಿಲು ತೆರೆದು, ಆಮೇಲೆ ಉಣ್ಣುವಷ್ಟು ಹೊತ್ತು ಮುಚ್ಚಿ, ಆಮೇಲೆ ಐದು ನಿಮಿಷ ಜಾಸ್ತಿ. ಈಗಲೇ ರೂಢಿ ಆದರೆ ದೀಪಾವಳಿ ಪಟಾಕಿಗೆ ಬಹಳ ಅನುಕೂಲ. ನಮ್ಮದು ಮೊದಲ ಸರ ಹೊಡೆದ ಕೂಡಲೇ ತಾನೇ ಕ್ರೇಟ್‌ಗೆ ಓಡುತ್ತದೆ, ನಾವು ಮೇಲೆ ದಪ್ಪ ಚಾದರ ಹೊದಿಸುತ್ತೇವೆ.

ಮಾಳಮಡ್ಡಿ ಮನೆ:

ಹನ್ನೆರಡು ದಿನ ಆಯಿತು, ಬರೆಯುತ್ತೇನೆ ಅಂದಿದ್ದೆ.

ಕೌದಿ ತೆಗೆದ ಮೊದಲ ರಾತ್ರಿ ಬೆಲ್ಲ ಕುಂಯ್ ಕುಂಯ್ ಅಂದಿತು. ಅತ್ತೆ ಎದ್ದು ಬಂದು ಕ್ರೇಟಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ಸರಳಿನ ಸಂದಿಯೊಳಗೆ ಬೆರಳು ಹಾಕಿ ಮಲಗಿದರು. ರಾತ್ರಿ ಎರಡಕ್ಕೆ ಎದ್ದು ಎತ್ತಿಕೊಂಡು ಹಿತ್ತಲಿಗೆ ಹೋದವರೂ ಅವರೇ. ಹಿತ್ತಲ ತಗಡಿನ ಕೆಳಗೆ ಗೋಧಿ ಚೀಲದ ತಟ್ಟು ಹಾಸಿದ್ದೆವು. ಬೆಲ್ಲ ಅದನ್ನು ಮೂಸಿತು, ಎರಡು ಸುತ್ತು ತಿರುಗಿತು, ಕೂತಿತು. ಮನೆಗೆ ಬಂದು ಇಪ್ಪತ್ತು ದಿನಕ್ಕೆ ಮೊದಲ ಸಲ ಹೊರಗೆ! ಅತ್ತೆ ನನ್ನನ್ನು ಎಬ್ಬಿಸಿ ಹೇಳಿದರು.

ಆಮೇಲೆ ತಟ್ಟು ಸಣ್ಣದು ಮಾಡುತ್ತಾ ಬಂದೆವು. ಮೊದಲು ಅರ್ಧ, ಆಮೇಲೆ ಮಣೆಯಷ್ಟು, ಆಮೇಲೆ ರೊಟ್ಟಿಯಷ್ಟು. ಮೊನ್ನೆ ಜೋರು ಗಾಳಿಗೆ ಆ ರೊಟ್ಟಿಯಷ್ಟರದ್ದೂ ಹಾರಿಹೋಗಿತ್ತು. ಬೆಲ್ಲ ಆ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ಹುಡುಕಿತು, ನನ್ನ ಮುಖ ನೋಡಿತು, ಆಮೇಲೆ ಅಲ್ಲೇ ಮಣ್ಣಿನ ಮೇಲೆ ಹೊಯ್ದಿತು. ನನಗೆ ಕೈ ನಡುಗಿ ತಿನ್ನಲು ಕೊಡಬೇಕಿದ್ದ ಚೂರು ಕೆಳಗೆ ಬಿತ್ತು.

ಒಳಗೆ ಈ ವಾರ ಎರಡೇ ಸಲ ಆಗಿದೆ. ಎರಡೂ ನಮ್ಮ ತಪ್ಪೇ, ಅತಿಥಿಗಳು ಬಂದಿದ್ದರು, ಆಡಿದ ಮೇಲೆ ಹೊರಗೆ ಒಯ್ಯಲು ಮರೆತೆವು. ಸಂದಿನ ಸಿಮೆಂಟ್ ಮೊಳೆಯಿಂದ ಕೆರೆದು ನೋಡಿದೆ ಅಣ್ಣಾ, ನೀವು ಹೇಳಿದ ಹಾಗೆ ಪುಡಿ ಪುಡಿ. ಮಳೆ ನಿಂತ ಮೇಲೆ ಮೇಸ್ತ್ರಿ ಬರುತ್ತಾರೆ.

ಕೌದಿ ಮತ್ತೆ ಯಾವಾಗ ಹಾಕಬಹುದು? ಅತ್ತೆ ಬೆಲ್ಲನಿಗೆ ಅಂತ ಹೊಸದು ಹೊಲಿಯಲು ಶುರು ಮಾಡಿದ್ದಾರೆ.

ಹೊಲದ ಮನೆ, ನವಲಗುಂದ:

ಕ್ರೇಟ್ ಒಳಗೆ ಒಂದು ತಿಂಗಳು ಪೂರ್ತಿ ಒಣಗಿ ಇರಲಿ, ಆಮೇಲೆ ಮೊದಲು ಕೈಯಗಲದ ತುಂಡು ಹಾಕಿ ನೋಡಿ. ಹೊಸ ಕೌದಿ ಚಳಿಗಾಲಕ್ಕೆ ಸರಿಹೋಗುತ್ತದೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.